ಅಡಿಕೆ ಕೊಯ್ಲು ಮುಗೀತು, ರೇಸಿಗೆ ಮರಳುವುದು ಹೇಗೆ?

ಉತ್ತರ ಕನ್ನಡದಲ್ಲಿ ಹವ್ಯಾಸಕ್ಕೆ ಓಡುವವರಿಗೆ, ಸೈಕಲ್ ತುಳಿಯುವವರಿಗೆ ವರ್ಷದಲ್ಲಿ ಎರಡು ಸಲ ಅಭ್ಯಾಸ ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಳೆ ಬಿಟ್ಟು ಕಾಲಿಗೆ ಒಂದಿಷ್ಟು ಹದ ಬಂತು ಅನ್ನುವಾಗ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಶುರುವಾಗುತ್ತದೆ. ಕೊಯ್ಯುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಬೆಳಗಿನ ಹೊತ್ತೇ ಕೈಗೆ ಸಿಗುವುದಿಲ್ಲ. ಅದೆಲ್ಲ ಮುಗಿದು, ಆಲೆಮನೆ ಹೊಗೆ ಏಳುವ ಫೆಬ್ರವರಿಯಲ್ಲಿ ಶೂ ಹೊರತೆಗೆಯುವವರು ತುಂಬಾ ಜನ. ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಒಂದು ರೇಸ್ ಇದ್ದರೆ ಕೈಯಲ್ಲಿ ಉಳಿಯುವುದು ಏಳೆಂಟು ವಾರ.

ಏಳೆಂಟು ವಾರ ಸಾಕು. ಆದರೆ ದೇಹದ ಎಲ್ಲಾ ಭಾಗವೂ ಒಂದೇ ವೇಗದಲ್ಲಿ ಮರಳುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಅಭ್ಯಾಸ ಬಿಟ್ಟ ಎರಡು ವಾರದೊಳಗೆ ರಕ್ತದ ಪ್ಲಾಸ್ಮಾ, ಅಂದರೆ ಅದರ ದ್ರವ ಭಾಗ, ಕಡಿಮೆಯಾಗುತ್ತದೆ. ಅದಕ್ಕೇ ಸಣ್ಣ ಏರಿಗೂ ಏದುಸಿರು. ಮತ್ತೆ ಶುರು ಮಾಡಿದರೆ ಅದು ಬೇಗ ತುಂಬಿಕೊಳ್ಳುತ್ತದೆ, ಉಸಿರೂ ಬೇಗ ಸರಿಯಾಗುತ್ತದೆ. ಸ್ನಾಯುರಜ್ಜುಗಳ ಕಥೆ ಬೇರೆ. ಹಿಮ್ಮಡಿಯ ಮೇಲಿನ ಹುರಿ, ಮಂಡಿ ಚಿಪ್ಪಿನ ಕೆಳಗಿನ ಹುರಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂರನೇ ವಾರಕ್ಕೆ ‘ನಾನು ಮೊದಲಿನಂತಾದೆ’ ಅನ್ನಿಸುತ್ತದಲ್ವಾ, ಪೆಟ್ಟು ಮಾಡಿಕೊಳ್ಳುವುದು ಆಗಲೇ. ಹಾಗಾಗಿ ನಿಮ್ಮ ವೇಳಾಪಟ್ಟಿ ಉಸಿರಿನ ಮಾತು ಕೇಳಬಾರದು, ಹುರಿಗಳ ಮಾತು ಕೇಳಬೇಕು.

ಮೊದಲ ಎರಡು ವಾರ: ಸಪಾಟು ನೆಲ

ವಾರಕ್ಕೆ ನಾಲ್ಕು ದಿನ ಸಾಕು. ಓಟಗಾರರಿಗೆ 30ರಿಂದ 40 ನಿಮಿಷ, ಸೈಕಲ್‌ನವರಿಗೆ ಒಂದರಿಂದ ಒಂದೂವರೆ ತಾಸು. ಜೊತೆಯವರ ಹತ್ತಿರ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗ. ಮಾತು ತುಂಡಾಯಿತೆಂದರೆ ನಿಧಾನಿಸಿ.

ಶಿರಸಿಯವರಿಗೆ ಬನವಾಸಿ ರಸ್ತೆ ಇದಕ್ಕೆ ಒಳ್ಳೆಯದು, ಏರಿಳಿತ ಹಗುರ. ಕಾರವಾರದವರು ಕಾಳಿ ನದಿ ಪಕ್ಕ ಕದ್ರಾ ಕಡೆ ಹೋಗಬಹುದು. ಹೆದ್ದಾರಿ 66 ಸೈಕಲ್ ಅಭ್ಯಾಸದ ಜಾಗವಲ್ಲ. ಅಗಲ ಇದೆ, ನುಣುಪಾಗಿದೆ, ನಿಜ. ಅದೇ ಕಾರಣಕ್ಕೆ ಅಲ್ಲಿ ಗಾಡಿಗಳ ವೇಗವೂ ಜಾಸ್ತಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತದೆ. ಆ ವಾರ ಶಿರಸಿ ಸುತ್ತಿನ ರಸ್ತೆಗಳನ್ನು ಜಾತ್ರೆಗೇ ಬಿಟ್ಟುಬಿಡಿ.

ಕಾರವಾರದ ಟಾಗೋರ್ ಕಡಲತೀರದಲ್ಲಿ ಓಡುವವರು ಇಳಿತದ ಹೊತ್ತು ನೋಡಿಕೊಳ್ಳಿ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಇಳಿದಾಗ ಸಿಗುವ ಒದ್ದೆ, ಗಟ್ಟಿ ಮರಳಿನಲ್ಲೇ ಓಡಿ. ಒಣ ಮರಳಿನಲ್ಲಿ ಅದೇ ವೇಗಕ್ಕೆ ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು, ಹಿಮ್ಮಡಿ ಹುರಿಗೂ ಎಳೆತ. ದಂಡೆ ಸಮುದ್ರದ ಕಡೆ ವಾಲಿರುತ್ತದೆ. ಒಂದೇ ದಿಕ್ಕಿಗೆ ಓಡಿದರೆ ಭಾರ ಸೊಂಟದ ಒಂದೇ ಬದಿಯ ಮೇಲೆ ಬೀಳುತ್ತದೆ. ಹೋದಷ್ಟೇ ದೂರ ದಂಡೆಯಲ್ಲೇ ವಾಪಸ್ ಬನ್ನಿ.

ಸೈಕಲ್ ನೋಡಿಕೊಳ್ಳಿ

ಕರಾವಳಿಯ ಉಪ್ಪು ಗಾಳಿಗೆ ಸುಮ್ನೆ ನಿಂತ ಸೈಕಲ್ಲೂ ಹಾಳಾಗುತ್ತದೆ. ಕಡ್ಡಿಗಳ ತುದಿಯ ನಿಪ್ಪಲ್, ಬ್ರೇಕ್ ಕೇಬಲ್, ಸೀಟಿನ ಕಂಬ ಇವೇ ಮೊದಲು ಕಚ್ಚಿಕೊಳ್ಳುವುದು. ಸೀಟಿನ ಕಂಬವನ್ನು ಒಮ್ಮೆ ಪೂರ್ತಿ ಹೊರಗೆಳೆದು, ಒರೆಸಿ, ಗ್ರೀಸ್ ಹಚ್ಚಿ ಕೂರಿಸಿ. ಕಾರ್ಬನ್ ಕಂಬವಾದರೆ ಗ್ರೀಸ್ ಬೇಡ, ಅದಕ್ಕೇ ಸಿಗುವ ಪೇಸ್ಟ್ ಹಚ್ಚಿ. ಟ್ಯೂಬ್‌ಲೆಸ್ ಟೈರ್ ಇದ್ದರೆ ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಮಳೆಗಾಲದಿಂದ ಇಲ್ಲಿಗೆ ಒಣಗಿರುವ ಸಾಧ್ಯತೆಯೇ ಹೆಚ್ಚು.

ಚೈನ್ ಸವೆದಿದೆಯಾ ಅಂತ ನೋಡಲು ಅಂಗಡಿಗೆ ಹೋಗಬೇಕಾಗಿಲ್ಲ. ಉಕ್ಕಿನ ಒಂದು ಸ್ಕೇಲ್ ತಗೊಳ್ಳಿ, ಅಂಚಿನಿಂದಲೇ ಸೊನ್ನೆ ಶುರುವಾಗುವಂಥದ್ದು. ಚೈನಿನ ಒಂದು ಪಿನ್ನಿನ ನಡುಮಧ್ಯಕ್ಕೆ ಸೊನ್ನೆ ಇಟ್ಟು, ಚೈನನ್ನು ಬಿಗಿಯಾಗಿ ಹಿಡಿದು, 12 ಇಂಚಿನ ಗೆರೆ ನೋಡಿ. ಹೊಸ ಚೈನಿನಲ್ಲಿ 24 ಕೊಂಡಿ ದಾಟಿದ ಪಿನ್ನಿನ ನಡುಮಧ್ಯ ಸರಿಯಾಗಿ ಆ ಗೆರೆಯ ಮೇಲಿರುತ್ತದೆ. ಗೆರೆ ದಾಟಿ ಇಂಚಿನ 16ರಲ್ಲಿ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಿಸಿ. ಇನ್ನೂ ತುಳಿಯುತ್ತಾ ಹೋದರೆ ಹಿಂದಿನ ಹಲ್ಲುಚಕ್ರವೂ ಸವೆಯುತ್ತದೆ, ಅದು ಚೈನಿಗಿಂತ ದುಬಾರಿ.

ಮೂರನೇ ವಾರದಿಂದ: ಇಳಿಜಾರು ಮೊದಲು

ಎಲ್ಲರೂ ಏರನ್ನು ಅಭ್ಯಾಸ ಮಾಡುತ್ತಾರೆ. ಟ್ರೈಲ್ ಓಟದಲ್ಲಿ, ಅಂದರೆ ಕಾಡು-ಬೆಟ್ಟದ ದಾರಿಯ ಓಟದಲ್ಲಿ, ತೊಡೆ ಮುರಿಯುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಅಭ್ಯಾಸ ತಪ್ಪಿದವರಿಗೆ ಮರುದಿನದಿಂದ ಮೂರನೇ ದಿನದವರೆಗೆ ಮೆಟ್ಟಿಲು ಇಳಿಯಲೂ ಆಗದಷ್ಟು ನೋವು. ಒಳ್ಳೆಯ ಸಂಗತಿ ಏನೆಂದರೆ, ಒಂದು ಸಲ ಹದವಾಗಿ ಇಳಿದು ಅಭ್ಯಾಸ ಮಾಡಿದರೆ ಅದರ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ಮೂರನೇ ವಾರದಲ್ಲೇ ಸಣ್ಣ ದಿಬ್ಬವೊಂದನ್ನು ಆರಿಸಿ, ನಡೆದು ಹತ್ತಿ, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ಓಡಿ ಇಳಿಯಿರಿ. ನಾಲ್ಕು ಸಲ ಸಾಕು. ಮುಂದಿನ ವಾರ ಆರು. ರೇಸಿಗೆ ಹತ್ತು ದಿನ ಇರುವಾಗ ಈ ಅಭ್ಯಾಸ ನಿಲ್ಲಿಸಿ.

ಫೆಬ್ರವರಿ-ಮಾರ್ಚ್‌ನಲ್ಲಿ ನಮ್ಮ ಬೆಟ್ಟದ ದಾರಿಯ ಮೇಲೆಲ್ಲ ದರಕು (ಒಣಗಿದ ಎಲೆ) ಬಿದ್ದಿರುತ್ತದೆ. ಅದರ ಅಡಿಯಲ್ಲಿ ಜಂಬಿಟ್ಟಿಗೆಯ ಸಣ್ಣ ಹರಳು ಕಾಣುವುದಿಲ್ಲ. ಮೇಲೆ ಇಟ್ಟ ಕಾಲು ಹಾಗೇ ಜಾರುತ್ತದೆ. ದರಕು ಗುಡಿಸಿ ಒಯ್ದ ಜಾಗದಲ್ಲಿ ಓಡಿ, ಉಳಿದ ಕಡೆ ನಡೆಯಿರಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ನಸುಕಿನಲ್ಲಿ ಕಾಡುಕೋಣ ದಾರಿ ಬದಿಗೇ ನಿಂತಿರುತ್ತದೆ. ಅಣಶಿ ಕಡೆಯ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗೆ ಇಳಿಯಬೇಡಿ.

ಸೈಕಲ್‌ನವರಿಗೆ ಐದನೇ ವಾರದಿಂದ ಘಟ್ಟ. ಕತಗಾಲದ ಕಡೆಯಿಂದ ದೇವಿಮನೆ ಹತ್ತುವುದು ನಮ್ಮ ಜಿಲ್ಲೆಯ ಚಂದದ ಏರುಗಳಲ್ಲಿ ಒಂದು. ರಸ್ತೆ ಕೆಲಸ, ಬಂದ್ ಏನಾದರೂ ಇದೆಯಾ ಅಂತ ಹಿಂದಿನ ದಿನ ಕೇಳಿಕೊಂಡೇ ಹೊರಡಿ. ಅರಬೈಲ್ ಘಟ್ಟದಲ್ಲಿ ಲಾರಿಗಳ ಸಾಲು, ಅಭ್ಯಾಸಕ್ಕೆ ಬೇಡ. ಇಳಿಯುವಾಗ ಬ್ರೇಕನ್ನು ಒತ್ತಿಹಿಡಿದೇ ಬರಬೇಡಿ. ರಿಮ್ ಬ್ರೇಕ್ ಇದ್ದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ.

ಸೆಕೆಗೆ ದೇಹ ಒಗ್ಗಿಸುವುದು

ಬೇರೆ ಊರಿನ ತರಬೇತಿ ಪಟ್ಟಿಯನ್ನು ಇಲ್ಲಿ ಹಾಗೇ ಪಾಲಿಸಲು ಆಗದಿರುವುದು ಸೆಕೆಯಿಂದ. ಇಲ್ಲಿ ವಾರ ಕಳೆದಂತೆ ಬಿಸಿಲು ಏರುತ್ತದೆ. ಕರಾವಳಿಯಲ್ಲಿ ಬೆವರು ಆರುವುದೂ ಇಲ್ಲ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಆರಿದರೆ ಮಾತ್ರ. ಶಿರಸಿಯ ಚಳಿ ಬೆಳಗಿನಲ್ಲಿ ಅಭ್ಯಾಸ ಮಾಡಿ ಕಾರವಾರದ ರೇಸಿಗೆ ಇಳಿದವರು ಇದನ್ನು ಮೊದಲ ಐದು ಕಿಲೋಮೀಟರ್‌ನಲ್ಲೇ ಕಾಣುತ್ತಾರೆ.

ಒಗ್ಗಲು 10ರಿಂದ 14 ದಿನ ಬೇಕು. ರೇಸಿಗೆ ಮೂರು ವಾರ ಇರುವಾಗ ನಸುಕಿನ ಓಟವನ್ನು ಎಂಟು ಗಂಟೆಯ ಬಿಸಿಲಿಗೆ ತಳ್ಳುತ್ತಾ ಬನ್ನಿ. ವೇಗ ಇಳಿಸಿ, ಹೊತ್ತು ನಿಧಾನಕ್ಕೆ ಒಂದು ತಾಸಿಗೆ ಏರಿಸಿ. ಬೇಗ ಬೆವರು ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ಒಗ್ಗಿದ ಗುರುತು. ತಲೆಸುತ್ತು, ಮಾತು ತೊದಲುವುದು, ಗೊಂದಲ ಕಂಡರೆ ನಿಂತು, ನೆರಳಿಗೆ ಹೋಗಿ ಮೈಮೇಲೆ ನೀರು ಸುರಿಯಿರಿ. ಜೊತೆಯವರಲ್ಲಿ ಇದು ಕಂಡರೆ ಅವರ ಒಪ್ಪಿಗೆಗೆ ಕಾಯಬೇಡಿ.

ಎಷ್ಟು ಕುಡಿಯಬೇಕು? ಓಟಕ್ಕೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ, ಕುಡಿದದ್ದಕ್ಕಿಂತ ಹೆಚ್ಚುಕಮ್ಮಿ ಒಂದು ಲೀಟರ್ ಜಾಸ್ತಿ ಬೆವರು ಹೋಗಿದೆ. ತೂಕ ಏರಿದ್ದರೆ ನೀರು ಜಾಸ್ತಿಯಾಗಿದೆ, ಅದೂ ಅಪಾಯವೇ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಬೆಲ್ಲದ ಮುರುಗಲು (ಕೋಕಂ) ಪಾನಕ ಅದಕ್ಕಿಂತ ಮೇಲು.

ಓಡುವಾಗ ಶಕ್ತಿಗೆಂದು ನುಂಗುವ ದುಬಾರಿ ಜೆಲ್ ಬದಲು ಜೋನಿ ಬೆಲ್ಲ (ನೀರಾದ ಬೆಲ್ಲ) ಬಳಸಿ ನೋಡಿ. ಎರಡು ದೊಡ್ಡ ಚಮಚದಲ್ಲಿ 25ರಿಂದ 30 ಗ್ರಾಂ ಸಕ್ಕರೆ ಸಿಗುತ್ತದೆ. ದೀರ್ಘ ಓಟಕ್ಕೆ ತಾಸಿಗೆ 30ರಿಂದ 60 ಗ್ರಾಂ ಬೇಕು. ಮೆತ್ತನೆಯ ಸಣ್ಣ ಬಾಟಲಿಗೆ ಹಾಕಿ, ಚಿಟಿಕೆ ಉಪ್ಪು ಬೆರೆಸಿ, ಸ್ವಲ್ಪ ನೀರು ಸೇರಿಸಿ ಅಲ್ಲಾಡಿಸಿದರಾಯಿತು. ಮೊದಲ ಸಲ ಬಳಸುವುದು ರೇಸಿನ ದಿನ ಆಗದಿರಲಿ. ಹೊಟ್ಟೆಗೂ ಅಭ್ಯಾಸ ಬೇಕು.

ಉಣುಗು

ಈ ಋತುವಿನಲ್ಲಿ ಕಾಡಿನಲ್ಲಿ ಓಡುವವರು ಮಂಗನ ಕಾಯಿಲೆಯ ಬಗ್ಗೆ ತಿಳಿಯದೆ ಹೋಗಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ ಜ್ವರ ನಮ್ಮ ಜಿಲ್ಲೆಯಲ್ಲೂ ಇದೆ. ಸಿದ್ದಾಪುರ ತಾಲ್ಲೂಕು ಜೀವಗಳನ್ನೇ ಕಳೆದುಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಹರಡುವುದು ಉಣುಗಿನ (ರಕ್ತ ಹೀರುವ ಉಣ್ಣೆ ಹುಳದ) ಮರಿಗಳಿಂದ. ಅವು ಎಳ್ಳಿಗಿಂತ ಚಿಕ್ಕವು. ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಓಡುವ ಮೊದಲು ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಆಸುಪಾಸಿನಲ್ಲಿ ಮಂಗ ಸತ್ತಿದ್ದರೆ, ಜ್ವರದ ಪ್ರಕರಣ ಇದ್ದರೆ ಆ ಕಾಡಿಗೆ ಹೋಗಬೇಡಿ. ಬೇರೆ ಕಡೆಯಾದರೂ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಸುಸ್ತಾಯಿತೆಂದು ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಾಲುಚೀಲದ ಅಂಚು, ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ.

ರೇಸ್ ಮುಗಿದ ಮೇಲೆ ಎಂಟು-ಹತ್ತು ದಿನ ಮೈ ಮೇಲೆ ಗಮನ ಇರಲಿ. ಓಟದ ಮೈಕೈ ನೋವು ಮೂರ್ನಾಲ್ಕು ದಿನದಲ್ಲಿ ಇಳಿಯುತ್ತದೆ, ಅದರ ಜೊತೆ ಜ್ವರ ಇರುವುದಿಲ್ಲ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜೋರು ಜ್ವರ, ತಲೆನೋವು, ತೀವ್ರ ಸ್ನಾಯು ನೋವಾಗಿ ಬರುತ್ತದೆ. ನೋವು ರೇಸಿನದ್ದೇ ಅಂದುಕೊಂಡು ಐಬುಪ್ರೊಫೆನ್, ಆಸ್ಪಿರಿನ್ ನುಂಗಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗುವುದುಂಟು, ಆ ಮಾತ್ರೆಗಳು ಅದನ್ನು ಹೆಚ್ಚಿಸಬಹುದು. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾವ ಕಾಡಿನಲ್ಲಿ, ಯಾವ ತಾರೀಖಿಗೆ ಓಡಿದ್ದಿರಿ ಎಂದು ವೈದ್ಯರು ಕೇಳುವ ಮೊದಲೇ ಹೇಳಿ.