ಯಾರ ಜಗಲಿಯಲ್ಲಿ ಕೂತು ಕೇಳಿದಿರಿ? ಮಾನವಶಾಸ್ತ್ರದ ಕ್ಷೇತ್ರಕಾರ್ಯ ಮಾಡುವ ಬಗೆ

ಮಾನವಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಕಿರುಪ್ರಬಂಧದ ಹೊತ್ತು ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವುದು ಒಂದೇ: ‘ಪ್ರಶ್ನಾವಳಿ ಹಿಡಿದು ಎಷ್ಟು ಮನೆ ಸುತ್ತಬೇಕು?’ ನೂರು ಮನೆ, ಇನ್ನೂರು ಮನೆ ಎಂದು ಲೆಕ್ಕ ಹಾಕಿ, ಹತ್ತು ದಿನದಲ್ಲಿ ಸುತ್ತಿ ಮುಗಿಸಿ, ಶೇಕಡಾವಾರು ಕೋಷ್ಟಕ ಹಾಕಿದರೆ ಪ್ರಬಂಧ ದಪ್ಪವಾಗುತ್ತದೆ, ನಿಜ. ಆದರೆ ಊರಿನಲ್ಲಿ ಉಳಿದು, ನೋಡುತ್ತ ಕೇಳುತ್ತ, ಜನರ ಜೊತೆ ಕೆಲಸಕ್ಕೆ ಕೈ ಹಾಕುತ್ತ ಕಲಿಯುವುದೇ ಈ ಶಾಸ್ತ್ರದ ಜೀವ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1915ರಿಂದ 1918ರ ನಡುವೆ, ಇಂದಿನ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಹೀಗೇ ಉಳಿದು ಕೆಲಸ ಮಾಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಷಯ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ಷೇತ್ರಕಾರ್ಯದ ದಾರಿಯನ್ನು ಇಲ್ಲಿ ಹಂತಹಂತವಾಗಿ ಹೇಳುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹಂತಗಳೂ ಅದರ ಮೇಲೆ ನಿಂತಿವೆ. ನಿಮಗೆ ಏನು ತಿಳಿಯಿತು ಎಂಬುದರ ಪಕ್ಕದಲ್ಲೇ, ಎಲ್ಲಿ ಕೂತಾಗ ತಿಳಿಯಿತು ಎಂಬುದೂ ದಾಖಲಾಗಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಊರೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದಾಗ ಉಳಿದುಕೊಂಡದ್ದು ಊರಿನ ಮುಖ್ಯಸ್ಥರ ಆಶ್ರಯದಲ್ಲಿ. ಅದರಿಂದ ಅವರಿಗೆ ಎಷ್ಟೋ ಬಾಗಿಲು ತೆರೆದವು, ಕೆಲವು ಮುಚ್ಚಿಯೇ ಉಳಿದವು. ಊರನ್ನು ತಾವು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದಲೇ ಕಂಡದ್ದನ್ನು ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಯಿಂದಾಗಿಯೇ ಅವರ ಬರವಣಿಗೆಯನ್ನು ಇಂದಿಗೂ ನಂಬಿ ಓದಬಹುದು.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

‘ಗ್ರಾಮೀಣ ಕರ್ನಾಟಕದಲ್ಲಿ ಸಾಮಾಜಿಕ ಬದಲಾವಣೆ’ ಎಂಬ ಶೀರ್ಷಿಕೆ ಇಟ್ಟುಕೊಂಡು ಹೊರಟರೆ ಊರಿಗೆ ಹೋದ ಮೊದಲ ದಿನ ಏನು ನೋಡಬೇಕೆಂದೇ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವ, ದಿನವೂ ನಡೆಯುವ ಸಂಗತಿಯೊಂದನ್ನು ಹಿಡಿಯಿರಿ. ಉದಾಹರಣೆಗೆ ನೀರು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಿಂದ ಎಷ್ಟೋ ಊರುಗಳಲ್ಲಿ ಮನೆ ಮುಂದೆ ನಲ್ಲಿ ಬಂದಿದೆ. ಆದರೆ ವಾಲ್ವ್ ತಿರುಗಿಸುವವರು ಯಾರು? ಯಾವ ಕೇರಿಗೆ ಮೊದಲು ನೀರು, ಯಾವ ಕೇರಿಗೆ ಕೊನೆಗೆ? ಹಿಂದೆ ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿಯ ಮನೆತನಕ್ಕೂ ಇಂದಿನ ಪಂಚಾಯಿತಿಯ ವಾಟರ್‌ಮ್ಯಾನ್‌ಗೂ ನಂಟಿದೆಯೇ? ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸರು ಈಗ ಎಲ್ಲಿ ಸೇರಿ ಮಾತಾಡುತ್ತಾರೆ? ಇಂಥ ಪ್ರಶ್ನೆಗಳಿಗೆ ಒಂದೇ ಊರು ಸಾಕು.

ಎರಡು ಊರು ನೋಡುವ ಶಕ್ತಿ, ಸಮಯ ಇದ್ದರೆ ಹೋಲಿಕೆಯಿಂದ ಸಿಗುವುದು ಬೇರೆಯೇ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಅವಕ್ಕೆ ವಂಗಲ, ದಲೇನ ಎಂದು ಹೆಸರು ಬದಲಿಸಿ ಬರೆದರು. ಒಂದಕ್ಕೆ ನಾಲೆಯ ನೀರು ಹರಿದು ಕಬ್ಬು ಬಂತು, ಇನ್ನೊಂದರ ಜಮೀನು ಒಣಗಿಯೇ ಉಳಿಯಿತು. ನೀರು ಬಂದ ಊರು ಶ್ರೀಮಂತವಾಯಿತು, ಆದರೆ ಅಲ್ಲಿನ ಹಳೆಯ ಸಂಬಂಧಗಳು ಹೆಚ್ಚು ಅಲುಗಲಿಲ್ಲ. ಒಣ ಊರಿನವರು ಹೊರಗಿನ ಕೆಲಸ, ವ್ಯಾಪಾರಗಳಿಗೆ ಕೈ ಹಾಕಿದರು, ಅಲ್ಲಿನ ಸಾಮಾಜಿಕ ಕಟ್ಟು ಬೇಗ ಸಡಿಲವಾಯಿತು. ನೀರಾವರಿ ಬಂದರೆ ಎಲ್ಲವೂ ಬದಲಾಗುತ್ತದೆ ಎಂಬ ಊಹೆಯನ್ನು ಈ ಹೋಲಿಕೆ ಬುಡಮೇಲು ಮಾಡಿತು. 1970ರಲ್ಲಿ ಅವರು ಅದೇ ಊರುಗಳಿಗೆ ಮರಳಿ ಬಂದು ಮತ್ತೆ ನೋಡಿದರು ಎಂಬುದನ್ನೂ ಗಮನಿಸಿ.

ಹೊರಡುವ ಮುನ್ನ ಮೈಸೂರಿನಲ್ಲಿರುವ ಭಾರತೀಯ ಮಾನವವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರದ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ನಿಮ್ಮ ಸೀಮೆಯ ಬಗ್ಗೆ ಈಗಾಗಲೇ ಏನು ಬರೆದಿದ್ದಾರೆ ಎಂದು ತಿಳಿದರೆ ಅದನ್ನೇ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ.

ಅನುಮತಿ ಮತ್ತು ಒಪ್ಪಿಗೆ

ವಿಭಾಗದಿಂದ ಪರಿಚಯಪತ್ರ, ಗ್ರಾಮ ಪಂಚಾಯಿತಿಯ ಪಿಡಿಒ ಭೇಟಿ, ಊರಿನ ಹಿರಿಯರ ಜೊತೆ ಮಾತು ಎಲ್ಲೆಡೆಗೂ ಬೇಕು. ಅಭಯಾರಣ್ಯ ಅಥವಾ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಾಡಿ, ಪೋಡುಗಳಿಗೆ (ಬುಡಕಟ್ಟು ಜನರ ವಸತಿಗಳಿಗೆ) ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ. ರಕ್ತದ ಮಾದರಿ, ದೇಹದ ಅಳತೆ, ಕಾಯಿಲೆಯ ಮಾಹಿತಿ ಸಂಗ್ರಹಿಸುವ ಯೋಚನೆ ಇದ್ದರೆ ಸಂಸ್ಥೆಯ ನೈತಿಕ ಸಮಿತಿಯ ಮುಂದೆ ಹೋಗಲೇಬೇಕು. ಅದಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೆ.

ಜೇನುಕುರುಬ, ಕೊರಗ, ಸೋಲಿಗ, ಸಿದ್ದಿ ಸಮುದಾಯಗಳ ಬಗ್ಗೆ ಒಂದು ಮಾತು. ‘ಬುಡಕಟ್ಟು ಎಂದರೇ ಮಾನವಶಾಸ್ತ್ರ’ ಎಂಬ ಹಳೆಯ ಅಭ್ಯಾಸದಿಂದ ವಿದ್ಯಾರ್ಥಿಗಳು ಮತ್ತೆ ಮತ್ತೆ ಇಲ್ಲಿಗೇ ಬರುತ್ತಾರೆ. ಬಂದವರು ಬರೆದುಕೊಂಡು ಹೋಗುತ್ತಾರೆ, ಹಾಡಿಗೆ ಏನೂ ಮರಳಿ ಬರುವುದಿಲ್ಲ. ಬಲವಾದ ಕಾರಣವಿಲ್ಲದಿದ್ದರೆ ನಿಮ್ಮ ಮೊದಲ ಕ್ಷೇತ್ರಕಾರ್ಯವನ್ನು ಅಲ್ಲಿ ಮಾಡಬೇಡಿ. ಗಾರ್ಮೆಂಟ್ಸ್ ಕಾರ್ಖಾನೆ, ಎಪಿಎಂಸಿ ಮಾರುಕಟ್ಟೆ, ನಿಮ್ಮದೇ ತಾಲ್ಲೂಕಿನ ಆಸ್ಪತ್ರೆಯ ಹೊರರೋಗಿ ವಿಭಾಗ, ಇವೆಲ್ಲವೂ ಕ್ಷೇತ್ರವೇ.

ಒಪ್ಪಿಗೆ ಪಡೆಯುವುದು ಸಹಿ ಹಾಕಿಸಿಕೊಳ್ಳುವಲ್ಲಿಗೆ ಮುಗಿಯುವುದಿಲ್ಲ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ನೆನಪಿರುವ ಮನೆಗಳಲ್ಲಿ ನಿಮ್ಮ ಒಪ್ಪಿಗೆಪತ್ರ ಭಯ ಹುಟ್ಟಿಸಬಹುದು. ನೀವು ಯಾರು, ಏನು ಬರೆಯುತ್ತೀರಿ, ಅದನ್ನು ಯಾರು ಓದುತ್ತಾರೆ, ಅದರಿಂದ ಅವರಿಗೆ ಯಾವ ಸರ್ಕಾರಿ ಸೌಲಭ್ಯವೂ ಬರುವುದಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಹೇಳಿ. ಯಾವಾಗ ಬೇಕಾದರೂ ‘ಬೇಡ’ ಎನ್ನಬಹುದೆಂದು ತಿಳಿಸಿ. ಬಾಯಿಮಾತಿನ ಒಪ್ಪಿಗೆ ಪಡೆದರೆ ದಿನಾಂಕ ಸಮೇತ ಬರೆದಿಡಿ. ಸೌಲಭ್ಯದ ವಿಷಯವನ್ನು ಸ್ಪಷ್ಟ ಮಾಡದಿದ್ದರೆ ‘ಸರ್ವೆಗೆ ಬಂದವರು’ ಎಂದುಕೊಂಡು ಜನ ಆದಾಯ ಕಡಿಮೆ ಹೇಳುತ್ತಾರೆ. ನಿಮ್ಮ ಕೋಷ್ಟಕ ಮೊದಲ ದಿನವೇ ಹಾಳಾಗುತ್ತದೆ.

ಮನೆಗಣತಿ ಮತ್ತು ವಂಶಾವಳಿ

ಮೊದಲ ವಾರದ ಕೆಲಸ ನಕ್ಷೆ ಮತ್ತು ಮನೆಗಣತಿ. ಬೀದಿ, ಕೇರಿ, ಗುಡಿ, ಅಂಗಡಿ, ಓವರ್‌ಹೆಡ್ ಟ್ಯಾಂಕ್, ನಲ್ಲಿ ಎಲ್ಲವನ್ನೂ ಕೈಯಲ್ಲೇ ಬಿಡಿಸಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆಯರ ಜೊತೆ ನಡೆದರೆ ಎಲ್ಲ ಕೇರಿಗಳನ್ನೂ ಮುಟ್ಟಬಹುದು. ಯಜಮಾನರ ಜೊತೆ ನಡೆದರೆ ಎಲ್ಲವನ್ನೂ ಮುಟ್ಟಲಾಗದು.

‘ಮನೆ’ ಎಂದರೆ ಏನೆಂದು ಮೊದಲೇ ನಿರ್ಧರಿಸಿಕೊಳ್ಳಿ. ಒಂದೇ ಸೂರಿನಡಿ ಎರಡು ಒಲೆ ಉರಿಯುತ್ತಿದ್ದರೆ ಅವು ಎರಡು ಮನೆ. ಪಡಿತರ ಚೀಟಿ ಬೇರೆಯಾಗಿದ್ದರೂ ಊಟ ಒಂದೇ ಒಲೆಯದಾಗಿದ್ದರೆ ಒಂದೇ ಮನೆ. ಬೆಂಗಳೂರಿಗೆ ಕೂಲಿಗೆ ಹೋಗಿ ಹಬ್ಬಕ್ಕೆ ಬರುವ ಮಗನನ್ನು ಎಲ್ಲಿ ಲೆಕ್ಕ ಹಾಕುತ್ತೀರಿ? ಹೇಗೆ ಹಾಕಿದರೂ ಸರಿ, ಎಲ್ಲ ಮನೆಗೂ ಒಂದೇ ನಿಯಮ ಇರಲಿ, ಆ ನಿಯಮ ಪ್ರಬಂಧದಲ್ಲಿ ಬರೆದಿರಲಿ.

ವಂಶಾವಳಿ ಬರೆಯುವುದು ಈ ಶಾಸ್ತ್ರದ ಅತ್ಯಂತ ಸೊಗಸಾದ ಕಸುಬು. ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯು.ಎಚ್.ಆರ್. ರಿವರ್ಸ್ ಈ ವಿಧಾನವನ್ನು 1898ರ ಟಾರೆಸ್ ಜಲಸಂಧಿಯ ಸಂಶೋಧನಾ ಯಾತ್ರೆಯಲ್ಲಿ ರೂಪಿಸಿ, ಆಮೇಲೆ ನಮ್ಮ ನೆರೆಯ ನೀಲಗಿರಿಯ ತೋಡ ಬುಡಕಟ್ಟಿನವರ ನಡುವೆಯೂ ಬಳಸಿದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ, ತೀರಿಕೊಂಡವರಿಗೆ ಅಡ್ಡಗೆರೆ. ಪುಸ್ತಕದಲ್ಲಿ ಸುಲಭ. ನಮ್ಮ ಊರುಗಳಲ್ಲಿ ಅಕ್ಕನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವ ರೂಢಿ ಇರುವುದರಿಂದ ಗೆರೆಗಳು ತಲೆಮಾರು ದಾಟಿ ಒಂದರ ಮೇಲೊಂದು ಹಾಯುತ್ತವೆ. ಒಬ್ಬ ಹುಡುಗನಿಗೆ ಅಕ್ಕನ ಗಂಡನೇ ಸೋದರಮಾವ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವುದರಿಂದ ಒಂದೇ ಹಾಳೆಯಲ್ಲಿ ನಾಲ್ವರು ಸಿದ್ದಪ್ಪಂದಿರು ಸಿಗುತ್ತಾರೆ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಗಂಡನ ಹೆಸರು ಹೇಳಲು ಸಂಕೋಚಪಡುವ ಹಿರಿಯರನ್ನು ಒತ್ತಾಯಿಸಬೇಡಿ, ಪಕ್ಕದಲ್ಲಿ ಕೂತ ಮೊಮ್ಮಗಳು ಹೇಳುತ್ತಾಳೆ. ಬೆಡಗು, ಬಳಿ (ಕುಲದ ಒಳಗುಂಪುಗಳು), ಮನೆದೇವರು, ಹೆಣ್ಣು ತಂದ ಊರು, ಹೆಣ್ಣು ಕೊಟ್ಟ ಊರು ಇವನ್ನೂ ಬರೆದುಕೊಳ್ಳಿ. ನಲ್ಲಿಯ ವಾಲ್ವ್ ತಿರುಗಿಸುವವನ ಬೀಗರು ಯಾವ ಕೇರಿಯವರು ಎಂಬುದು ಈ ಹಾಳೆಯಲ್ಲಿ ಕಂಡಾಗ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿರುತ್ತದೆ.

ಟಿಪ್ಪಣಿ: ಅಂದಿನದು ಅಂದೇ

ದಿನದಲ್ಲಿ ಜೇಬಿನ ಪುಸ್ತಕದಲ್ಲಿ ಒಂದೊಂದು ಪದ ಗುರುತು ಹಾಕಿಕೊಳ್ಳಿ, ರಾತ್ರಿ ಮಲಗುವ ಮುಂಚೆ ಪೂರ್ತಿ ಬರೆಯಿರಿ. ನಾಳೆಗೆ ಬಿಟ್ಟರೆ ಜನ ಆಡಿದ ಮಾತು ಮಾಸಿ ನಿಮ್ಮ ಮಾತಷ್ಟೇ ಉಳಿಯುತ್ತದೆ. ದಿನಾಂಕ, ಹೊತ್ತು, ಸ್ಥಳ, ಅಲ್ಲಿದ್ದವರು, ನೀವು ಕೂತ ಜಾಗ, ಇಷ್ಟು ಪ್ರತಿ ಟಿಪ್ಪಣಿಯ ತಲೆಯಲ್ಲಿರಲಿ. ‘ವಾಟರ್‌ಮ್ಯಾನ್ ಮೇಲಿನ ಕೇರಿಗೆ ಒಂದು ಗಂಟೆ ನೀರು ಬಿಟ್ಟ’ ಎಂಬುದು ಕಂಡದ್ದು. ‘ಮೇಲಿನ ಕೇರಿಯವರಿಗೆ ಹೆದರುತ್ತಾನೆ’ ಎಂಬುದು ಊಹೆ. ಎರಡಕ್ಕೂ ಬೇರೆ ಬೇರೆ ಶಾಯಿ ಬಳಸಿ. ನಿಮ್ಮ ಬೇಸರ, ಸಿಟ್ಟು, ಒಬ್ಬಂಟಿತನಗಳಿಗೆ ಬೇರೆಯೇ ದಿನಚರಿ ಇರಲಿ. ಅದನ್ನು ಬರೆಯದೆ ಬಿಡಬೇಡಿ, ಯಾವ ಮನೆಗೆ ಹೋಗಲು ಮನಸ್ಸಾಗಲಿಲ್ಲ ಎಂಬುದು ಆಮೇಲೆ ತಿಳಿಯುವುದು ಅಲ್ಲಿಂದಲೇ.

ಜನರ ಮಾತನ್ನು ಅವರ ಸೀಮೆಯ ಕನ್ನಡದಲ್ಲೇ ಬರೆಯಿರಿ. ಪ್ರಬಂಧ ಇಂಗ್ಲಿಷಿನಲ್ಲಿ ಇರಬೇಕಾದರೂ ಟಿಪ್ಪಣಿಯನ್ನು ರಾತ್ರಿಯೇ ಅನುವಾದಿಸುವ ಕೆಲಸಕ್ಕೆ ಹೋಗಬೇಡಿ. ಟೈಪ್ ಮಾಡುವುದಾದರೆ ಯುನಿಕೋಡ್‌ನಲ್ಲೇ ಮಾಡಿ. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಹೊಡೆದ ಕಡತದಲ್ಲಿ ಆಮೇಲೆ ‘ನೀರುಗಂಟಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.

ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಶ್ರೀನಿವಾಸರು ಹದಿನೆಂಟು ವರ್ಷಗಳಲ್ಲಿ ಪರಿಷ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಕೋಣೆಯಲ್ಲಿದ್ದವು. 1970ರ ಏಪ್ರಿಲ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವು ಬಲಿಯಾದವು. ಅವರು ಎದೆಗುಂದದೆ ಬಹುಪಾಲು ನೆನಪಿನ ಬಲದಿಂದಲೇ ಊರಿನ ಕಥನ ಬರೆದು 1976ರಲ್ಲಿ ಪ್ರಕಟಿಸಿದರು. ಅಂಥ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಸಂದರ್ಶನ, ಕಾಗದಪತ್ರ

‘ನೀರಿನ ಹಂಚಿಕೆಯಲ್ಲಿ ತಾರತಮ್ಯ ಇದೆಯೇ?’ ಎಂದು ಕೇಳಿದರೆ ‘ಹಾಗೇನೂ ಇಲ್ಲ’ ಎಂಬ ಉತ್ತರವೇ ಬರುವುದು. ‘ನಿನ್ನೆ ನೀರು ಎಷ್ಟು ಹೊತ್ತಿಗೆ ಬಂತು ಅಕ್ಕಾ? ಎಷ್ಟು ಕೊಡ ಆಯಿತು? ಯಾರು ಹಿಡಿದರು?’ ಎಂದು ಕೇಳಿ. ನಿನ್ನೆಯ ಸಂಗತಿಗೆ ಜನ ನಿಖರವಾಗಿ ಉತ್ತರಿಸುತ್ತಾರೆ. ಉತ್ತರ ಮುಗಿಯಿತು ಎನಿಸಿದ ಮೇಲೂ ಸ್ವಲ್ಪ ಸುಮ್ಮನಿರಿ, ಮುಖ್ಯವಾದದ್ದು ಎಷ್ಟೋ ಸಲ ಆಗ ಬರುತ್ತದೆ. ನಿಮ್ಮನ್ನೂ ಜನ ಸಂದರ್ಶಿಸುತ್ತಾರೆ: ಯಾವ ಊರು, ಯಾವ ಜನ, ಮದುವೆ ಆಗಿದೆಯೇ? ನಿಜವನ್ನೇ ಹೇಳಿ. ಜಾತಿ ತಿಳಿದ ಮೇಲೆ ಒಂದು ಕೇರಿಯ ಮಾತಿನ ಧಾಟಿ ಬದಲಾದರೆ ಅದೂ ಟಿಪ್ಪಣಿಗೆ ಸೇರಬೇಕು.

ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ನಾಲ್ಕೈದು ಗಂಟೆ ಬೇಕಾಗುತ್ತದೆ. ಆದ್ದರಿಂದ ಆಯ್ದು ಮುದ್ರಿಸಿಕೊಳ್ಳಿ. ಕೇಳಿದ್ದನ್ನು ಪಹಣಿ, ಪಂಚಾಯಿತಿಯ ನೀರಿನ ಕರದ ರಸೀದಿ, ಗ್ರಾಮಸಭೆಯ ನಡಾವಳಿ ಪುಸ್ತಕಗಳ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಜನ ಸುಳ್ಳು ಹೇಳಿದರು ಎಂದು ತೀರ್ಮಾನಿಸಬೇಡಿ. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇರುವುದುಂಟು.

ಬರೆಯುವುದು, ಮರಳಿ ಹೋಗುವುದು

ವಿಶ್ಲೇಷಣೆಗೆ ದುಬಾರಿ ತಂತ್ರಾಂಶ ಬೇಕಿಲ್ಲ. ಟಿಪ್ಪಣಿಗಳನ್ನು ಎರಡು ಸಲ ಓದಿ, ಮತ್ತೆ ಮತ್ತೆ ಬರುವ ವಿಷಯಗಳಿಗೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದರೆ ಕಿರುಪ್ರಬಂಧದ ಮಟ್ಟಿಗೆ ಸಾಕು. ಗಣಕದಲ್ಲೇ ಮಾಡಬೇಕೆಂದರೆ ಟ್ಯಾಗೆಟ್‌ನಂಥ ಉಚಿತ ತಂತ್ರಾಂಶಗಳಿವೆ. ನಿಮ್ಮ ವಾದಕ್ಕೆ ಒಗ್ಗದ ಟಿಪ್ಪಣಿಗಳನ್ನೇ ಬೇರೆ ಕಡತದಲ್ಲಿ ಕೂಡಿಹಾಕಿ, ಪ್ರಬಂಧದ ಗಟ್ಟಿತನ ಪರೀಕ್ಷೆಯಾಗುವುದು ಅಲ್ಲಿ.

ಹೆಸರು ಬದಲಿಸಿದ ಮಾತ್ರಕ್ಕೆ ಗುಟ್ಟು ಉಳಿಯುವುದಿಲ್ಲ. ಶ್ರೀನಿವಾಸರು ರಾಂಪುರ ಎಂದು ಕರೆದ ಊರು ಯಾವುದೆಂದು ಮುಂದೆ ಎಲ್ಲರಿಗೂ ತಿಳಿಯಿತು. ಊರಿಗೆ ಒಬ್ಬನೇ ವಾಟರ್‌ಮ್ಯಾನ್ ಇದ್ದರೆ ಯಾವ ಹೆಸರಿಟ್ಟರೂ ಓದಿದವರಿಗೆ ಅವನೇ ಕಾಣುತ್ತಾನೆ. ಅವನ ಕೆಲಸಕ್ಕೆ ಕುತ್ತು ಬರುವಂಥ ಸಂಗತಿ ಎಷ್ಟೇ ರೋಚಕವಾಗಿದ್ದರೂ ಕೈಬಿಡಿ. ಈ ವಿಷಯದಲ್ಲಿ ಮಾರ್ಗದರ್ಶಕರ ಒತ್ತಾಯಕ್ಕೂ ಮಣಿಯಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಧಾನದ ಅಧ್ಯಾಯದಲ್ಲಿ ‘ಪ್ರಾಥಮಿಕ ಮತ್ತು ದ್ವಿತೀಯ ಮೂಲಗಳನ್ನು ಬಳಸಲಾಗಿದೆ’ ಎಂಬ ಸವಕಲು ವಾಕ್ಯ ಬೇಡ. ಯಾರ ಮನೆಯಲ್ಲಿ ಉಳಿದಿರಿ, ಯಾವ ಕೇರಿಗೆ ತಡವಾಗಿ ಹೋದಿರಿ, ಯಾರು ಮಾತಾಡಲು ಒಪ್ಪಲಿಲ್ಲ ಎಂಬುದನ್ನು ಬರೆಯಿರಿ. ಸರ್ವೇಕ್ಷಣಾ ಸಂಸ್ಥೆಗಳಾಗಲಿ, ಆರೋಗ್ಯ ಯೋಜನೆಗಳಾಗಲಿ, 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ನಡೆಯುವ ಸಾಮಾಜಿಕ ಪರಿಣಾಮ ಅಧ್ಯಯನಗಳಾಗಲಿ, ಮುಂದೆ ಕೆಲಸಕ್ಕೆ ಸೇರುವಲ್ಲಿ ನಿಮಗೆ ನೆರವಾಗುವುದು ಈ ಅಧ್ಯಾಯ ಬರೆಯಲು ಕಲಿತ ಶಿಸ್ತು.

ಕರಡು ಸಿದ್ಧವಾದ ಮೇಲೆ ಊರಿಗೆ ಮರಳಿ ಹೋಗಿ. ಮುಖ್ಯ ಅಂಶಗಳನ್ನು ಎರಡು ಪುಟದ ಕನ್ನಡದಲ್ಲಿ ಬರೆದು, ಒಂದು ಕಡೆ ಅಲ್ಲ, ಕೇರಿ ಕೇರಿಯಲ್ಲೂ ಓದಿ ಹೇಳಿ. ಒಂದು ಕೇರಿಯವರು ಒಪ್ಪಿದ್ದನ್ನು ಇನ್ನೊಂದು ಕೇರಿಯವರು ತಳ್ಳಿಹಾಕಬಹುದು. ಆ ಆಕ್ಷೇಪಗಳನ್ನೂ ದಿನಾಂಕ ಹಾಕಿ ಬರೆದುಕೊಂಡು, ಕೊನೆಯ ಅಧ್ಯಾಯಕ್ಕೆ ಸೇರಿಸಿ, ಆಮೇಲೆ ಪ್ರಬಂಧವನ್ನು ಬೈಂಡಿಂಗಿಗೆ ಕೊಡಿ.