ಲಿನಕ್ಸ್‌ಗೆ ಸಿನಾಪ್ಟಿಕ್ ಹಾಕಿಕೊಳ್ಳುವುದು ಹೇಗೆ?

ಮಂಡ್ಯದಲ್ಲಿ ನಮ್ಮ ಭಾವನದ್ದು ಒಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜೆರಾಕ್ಸು, ಅರ್ಜಿ ತುಂಬಿಕೊಡುವುದು, ಇಷ್ಟೇ ಕೆಲಸ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತ ಮೇಲೆ, ಅಲ್ಲಿನ ಹಳೇ ಕಂಪ್ಯೂಟರ್‌ಗೆ ನಾನೇ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟೆ. ವಾರದೊಳಗೆ ಭಾವನ ಫೋನ್. "ಸೆಟಪ್ ಫೈಲು ಎಲ್ಲೈತಪ್ಪಾ? ಹುಡ್ಕಿ ಹುಡ್ಕಿ ಸಾಕಾಯ್ತು."

ಲಿನಕ್ಸ್‌ನಲ್ಲಿ ಸೆಟಪ್ ಫೈಲ್ ಹುಡುಕಿಕೊಂಡು ಅಲೆಯಬೇಕಿಲ್ಲ. ರೆಪಾಸಿಟರಿ ಎಂಬ ದೊಡ್ಡ ಉಗ್ರಾಣ ಇರುತ್ತದೆ. ತಂತ್ರಾಂಶಗಳು ಅಲ್ಲಿ ಪ್ಯಾಕೇಜು ಎಂಬ ಕಟ್ಟುಗಳಾಗಿ ಇರುತ್ತವೆ. ಕೇಳಿದ ಪ್ಯಾಕೇಜನ್ನೂ, ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳನ್ನೂ ಅಲ್ಲಿಂದ ಒಟ್ಟಿಗೆ ತರುವುದು ಆಪ್ಟ್ ಎಂಬ ಸಾಧನ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಹುಟ್ಟಿದ್ದು, ಉಬುಂಟು ಮತ್ತು ಮಿಂಟ್ ಎಂಬ ಲಿನಕ್ಸ್‌ಗಳಲ್ಲೂ ಇದೆ. ಆಪ್ಟ್‌ಗೆ ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ಕಿಟಕಿಯೇ ಟರ್ಮಿನಲ್. ಅದನ್ನು ಕಂಡರೆ ಹೆದರುವವರು ಇದೇ ಕೆಲಸವನ್ನು ಸಿನಾಪ್ಟಿಕ್‌ನಲ್ಲಿ ಮೌಸ್ ಒತ್ತಿಯೇ ಮಾಡಬಹುದು. ಆದರೆ ಸಿನಾಪ್ಟಿಕ್ ಹಾಕುವುದಕ್ಕೆ ನಾವು ಹಿಡಿದ ದಾರಿ ಮಾತ್ರ ಟರ್ಮಿನಲ್ಲಿನದೇ!

ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ. ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಮೊದಲು 'ಸುಡೊ ಆಪ್ಟ್ ಅಪ್‌ಡೇಟ್' ಎಂದು ಕೊಡಿ. ಸುಡೊ ಅಂದರೆ ಎಸ್-ಯು-ಡಿ-ಓ, ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸುವ ಪದ. ಆಪ್ಟ್ ಅಂದರೆ ಎ-ಪಿ-ಟಿ. ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಮೂಡದೇ ಇರಬಹುದು. ಭಾವ ಕೀಬೋರ್ಡೇ ಕೆಟ್ಟಿದೆ ಅಂದುಕೊಂಡಿದ್ದರು. ಸುಮ್ನೆ ಒತ್ತಿ ಎಂಟರ್ ಕೊಡಿ. ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಸಿನಾಪ್ಟಿಕ್'. ಸಿನಾಪ್ಟಿಕ್ ಅಂದರೆ ಎಸ್-ವೈ-ಎನ್-ಎ-ಪಿ-ಟಿ-ಐ-ಸಿ. ಮುಂದುವರಿಸಲೇ ಎಂದು ಕೇಳಿದರೆ ವೈ ಒತ್ತಿ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಅಪ್‌ಡೇಟ್ ಅಂದರೆ ಅಂಗಡಿಗೆ ಏನೇನು ಹೊಸ ಮಾಲು ಬಂದಿದೆ ಅಂತ ವಿಚಾರಿಸಿದ ಹಾಗೆ. ಮನೆಗೆ ಮೂಟೆ ಬರುವುದು 'ಸುಡೊ ಆಪ್ಟ್ ಅಪ್‌ಗ್ರೇಡ್' ಕೊಟ್ಟಾಗ. ಭಾವ ಎರಡು ತಿಂಗಳು ಬರೀ ವಿಚಾರಿಸಿಕೊಂಡೇ ಕೂತಿದ್ದರು.

ಸಿನಾಪ್ಟಿಕ್‌ನಲ್ಲಿ 'ರೀಲೋಡ್' ಒತ್ತಿದರೆ ವಿಚಾರಣೆ. 'ಮಾರ್ಕ್ ಆಲ್ ಅಪ್‌ಗ್ರೇಡ್ಸ್' ಒತ್ತಿ, 'ಅಪ್ಲೈ' ಕೊಟ್ಟರೆ ಮಾಲು ಬರುತ್ತದೆ. ಹೊಸದು ಬೇಕಾದರೆ ಸರ್ಚ್‌ನಲ್ಲಿ ಹುಡುಕಿ, ಗುರುತು ಹಾಕಿ, ಮತ್ತೆ ಅಪ್ಲೈ. ನಾವು ಮೊದಲು ತರಿಸಿದ್ದು ಗುಬ್ಬಿ ಮತ್ತು ನವಿಲು. ಎರಡೂ ಕನ್ನಡ ಫಾಂಟುಗಳು. ಅಪ್ಲೈ ಕೊಡುವ ಮುಂಚೆ ಬರುವ ಪಟ್ಟಿಯನ್ನು ದಯವಿಟ್ಟು ಓದಿ. ತೆಗೆದುಹಾಕುವ ಪ್ಯಾಕೇಜುಗಳೇ ಜಾಸ್ತಿ ಕಂಡರೆ ಕ್ಯಾನ್ಸಲ್ ಮಾಡುವುದು ವಾಸಿ.

ಇನ್ನು ಕರೆಂಟಿನ ವಿಷಯ. ಒಂದು ಮಧ್ಯಾಹ್ನ ಅಪ್‌ಗ್ರೇಡ್ ಅರ್ಧ ಆಗಿತ್ತು, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಕರೆಂಟ್ ಬಂದ ಮೇಲೆ ಸಿನಾಪ್ಟಿಕ್ ಕೆಲಸ ಮಾಡಲು ಒಪ್ಪಲಿಲ್ಲ. ಭಾವ ಮತ್ತೆ ವಿಂಡೋಸ್ ಹಾಕಿಸೋಣ ಅಂದರು. ಬೇಕಾಗಿದ್ದು ಒಂದೇ ಸಾಲು: 'ಸುಡೊ ಡಿಪಿಕೆಜಿ', ಜಾಗ ಬಿಟ್ಟು ಎರಡು ಅಡ್ಡಗೆರೆ (ಹೈಫನ್), ಅದಕ್ಕೆ ಅಂಟಿದಂತೆ 'ಕಾನ್ಫಿಗರ್', ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಮತ್ತು 'ಎ'. ಅರ್ಧಕ್ಕೆ ನಿಂತ ಕೆಲಸವನ್ನು ಅದು ಮುಗಿಸುತ್ತದೆ. ಆಮೇಲೂ ತಕರಾರು ಇದ್ದರೆ 'ಸುಡೊ ಆಪ್ಟ್ ಇನ್‌ಸ್ಟಾಲ್', ಜಾಗ ಬಿಟ್ಟು ಅಡ್ಡಗೆರೆ 'ಎಫ್'. ನಮಗೆ ಮೊದಲನೆಯದೇ ಸಾಕಾಯಿತು.

ಒಂದೇ ಸಲ ಎರಡು ಕಡೆಯಿಂದ ಪ್ಯಾಕೇಜು ಹಾಕದಂತೆ ತಡೆಯುವುದು ಲಾಕ್. ಅದು ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಗಾಬರಿ ಬೇಡ. ಉಬುಂಟು ತಾನಾಗಿಯೇ ಭದ್ರತಾ ಅಪ್‌ಡೇಟ್ ಹಾಕಿಕೊಳ್ಳುತ್ತಿರಬಹುದು. ಒಂದು ಕಾಫಿ ಕುಡಿದು ಬನ್ನಿ. ಲಾಕ್ ಫೈಲನ್ನೇ ಅಳಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಕೈ ಒಂದೇ ಪಾತ್ರೆಗೆ ಬಿದ್ದರೆ ಚೆಲ್ಲುತ್ತದೆ, ಅಲ್ವಾ?

ತಿಂಗಳಿಗೊಮ್ಮೆ 'ಸುಡೊ ಆಪ್ಟ್ ಆಟೊರಿಮೂವ್' ಕೊಟ್ಟರೆ ಯಾರಿಗೂ ಬೇಡವಾದ ಪ್ಯಾಕೇಜುಗಳು ಹೋಗುತ್ತವೆ. 'ಸುಡೊ ಆಪ್ಟ್ ಕ್ಲೀನ್' ಇಳಿಸಿಟ್ಟ ಹಳೇ ಫೈಲುಗಳನ್ನು ಅಳಿಸಿ ಡಿಸ್ಕಿನಲ್ಲಿ ಜಾಗ ಮಾಡುತ್ತದೆ. ಭಾವ ಇದನ್ನು ಕ್ಯಾಲೆಂಡರಿನ ಅಮಾವಾಸ್ಯೆಯ ಮೇಲೆ ಬರೆದಿಟ್ಟಿದ್ದಾರೆ. ಪಕ್ಕದಲ್ಲೇ ಇನ್ನೊಂದು ಸಾಲು: ಯುಪಿಎಸ್ ಬ್ಯಾಟರಿ ಹಾಕಿಸುವುದು.