ಶಾಸನ ಹುಡುಕಬೇಕೆ? ಮೊದಲು ಹಳೆಯ ತಾಲ್ಲೂಕು ಹಿಡಿಯಿರಿ

ಇತಿಹಾಸದ ಪ್ರಾಜೆಕ್ಟಿಗೆ ‘ನಮ್ಮೂರಿನ ಶಾಸನಗಳು’ ಎಂಬ ವಿಷಯ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಬಹಳ. ಅಡಿಟಿಪ್ಪಣಿಯಲ್ಲಿ ಮಾತ್ರ ‘ಎ.ಕ. ಸಂಪುಟ 7’ (ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟ) ಎಂದಷ್ಟೇ ಇರುತ್ತದೆ. ಅದನ್ನು ಹಿಡಿದು ಹೊರಟವರು ಯಾವ ಕಲ್ಲನ್ನೂ ಮುಟ್ಟಲಾರರು.

ಮೊದಲ ಹೆಜ್ಜೆ ಸುಲಭ. ವಿಕಿಪೀಡಿಯ, ಸ್ಥಳಪುರಾಣ, ಜಾತ್ರೆಯ ಸ್ಮರಣ ಸಂಚಿಕೆ ಏನನ್ನಾದರೂ ಓದಿ, ಸುಳಿವಿಗೆ ಮಾತ್ರ.

ಎರಡನೆಯದರಲ್ಲೇ ಎಡವುವುದು. ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟಿದ್ದಾರೆ. ಶಾಸನತಜ್ಞ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನಿಂದ ಶುರುಮಾಡಿದ ಆ ಸಂಪುಟಗಳಲ್ಲಿರುವುದು ಆಗಿನ ಜಿಲ್ಲೆಗಳು. ಹೊನ್ನಾಳಿ, ಚನ್ನಗಿರಿಯವರು ದಾವಣಗೆರೆ ಎಂದು ಹುಡುಕಿದರೆ ಸಿಗುವುದಿಲ್ಲ, ಶಿವಮೊಗ್ಗದ ಸಂಪುಟ ತೆರೆಯಬೇಕು. ಚಿಕ್ಕಬಳ್ಳಾಪುರ ಕೋಲಾರದ ಸಂಪುಟದಲ್ಲಿದೆ, ಮಾಗಡಿ, ಕನಕಪುರ ಬೆಂಗಳೂರಿನದರಲ್ಲಿ. ಕನಕಪುರವನ್ನು ಅಲ್ಲಿ ಕಾನಕಾನಹಳ್ಳಿ ಎಂದೇ ಹುಡುಕಬೇಕು.

ಇದಕ್ಕಿಂತ ದೊಡ್ಡ ತೊಡಕು ಆವೃತ್ತಿಯದು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಪರಿಷ್ಕರಿಸಿ ಹೊರತಂದ ಸಂಪುಟಗಳ ಕ್ರಮವೇ ಬೇರೆ. ಹಳೆಯ 7 ಶಿವಮೊಗ್ಗ, ಹೊಸ 7 ಮಂಡ್ಯ. ಬೇಲೂರು ಹಳೆಯದರಲ್ಲಿ 5, ಹೊಸದರಲ್ಲಿ 9. ಶಾಸನದ ಸಂಖ್ಯೆಗಳೂ ಬದಲಾಗಿವೆ. ಆದ್ದರಿಂದ ತಾಳಗುಂದದ ಸ್ತಂಭಶಾಸನವನ್ನು ‘ಎ.ಕ. 7 (ಹಳೆಯ ಆವೃತ್ತಿ), ಶಿಕಾರಿಪುರ 176’ ಎಂದು ಪೂರ್ತಿ ಬರೆಯಿರಿ. ಹೊಸ ಆವೃತ್ತಿ ಸಿಕ್ಕರೆ ಅದನ್ನೇ ಬಳಸಿ, ಪಾಠ ತಿದ್ದಿ ಹೊಸ ಶಾಸನಗಳನ್ನೂ ಸೇರಿಸಿದ್ದಾರೆ.

ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿ ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಫೈಲಿನ ಹೆಸರನ್ನು ನಂಬದೆ ಮುಖಪುಟ ನೋಡಿ. ಕನ್ನಡ ಅಕ್ಷರ ಕೊಟ್ಟು ಹುಡುಕುವುದು ವ್ಯರ್ಥ, ಹಳೆಯ ಅಚ್ಚನ್ನು ಯಂತ್ರ ತಪ್ಪಾಗಿ ಓದಿರುತ್ತದೆ. ತಾಲ್ಲೂಕು, ಸಂಖ್ಯೆ ಹಿಡಿದು ಪುಟ ತಿರುವಿ. ಒಂದೇ ಶಾಸನ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಂದು ಮೂರು ಕಡೆ ಇರುತ್ತದೆ. ಅನುವಾದವೊಂದನ್ನೇ ಓದಿ ಬಿಡಬೇಡಿ, ಮೂಲಪಾಠ ನೋಡಲೇಬೇಕು. ಚಾಟ್‌ಬಾಟ್ ಕೊಟ್ಟ ಶಾಸನ ಸಂಖ್ಯೆಯನ್ನಂತೂ ಪುಟ ಕಣ್ಣಾರೆ ಕಾಣದೆ ಬರೆಯಲೇಬಾರದು, ಇಲ್ಲದ ಸಂಖ್ಯೆಯನ್ನೂ ಅದು ಧೈರ್ಯವಾಗಿ ಹೇಳುತ್ತದೆ.

ಕಾಲ ನಿರ್ಣಯಕ್ಕೆ ಶಕವರ್ಷಕ್ಕೆ 78 ಕೂಡಿಸಿ. ಮಾಘ, ಫಾಲ್ಗುಣವಾದರೆ ಸಾಮಾನ್ಯವಾಗಿ 79, ಪುಷ್ಯವಾದರೆ ತಿಥಿ ನೋಡಿ ತೀರ್ಮಾನಿಸಬೇಕು. ಬಂದ ಇಸವಿಯನ್ನು 60 ವರ್ಷಕ್ಕೊಮ್ಮೆ ಮರಳುವ ಸಂವತ್ಸರದೊಂದಿಗೆ ತಾಳೆ ನೋಡಿ. ಬೇಲೂರಿನ ಶಾಸನದ ಶಕ 1039 ಹೇವಿಳಂಬಿ ಅಂದರೆ 1117. 2017ರ ಯುಗಾದಿಗೆ ಬಂದದ್ದೂ ಹೇವಿಳಂಬಿಯೇ, ನಡುವಿನ 900 ವರ್ಷ 60ರಿಂದ ಸರಿಯಾಗಿ ಭಾಗವಾಗುತ್ತದೆ. ಶೇಷ ಉಳಿದರೆ ಶಕವರ್ಷ ಗತವೋ (ಮುಗಿದದ್ದು) ವರ್ತಮಾನವೋ (ನಡೆಯುತ್ತಿದ್ದದ್ದು) ಎಂದು ಮತ್ತೆ ನೋಡಿ. ತೇದಿಯಿಲ್ಲದ ಶಾಸನಗಳಿಗೆ ರೈಸ್ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಸುಮಾರು’ ಎಂದು ಇಸವಿ ಕೊಟ್ಟಿದ್ದಾರೆ. ಆ ಚಿಹ್ನೆಯನ್ನು ಕೈಬಿಟ್ಟು ನಕಲು ಮಾಡಿದರೆ ಊಹೆ ಸತ್ಯವಾಗಿಬಿಡುತ್ತದೆ.

ಹಳೆಯ ಮೈಸೂರಿನ ಆಚೆಯವರಿಗೆ ದಾರಿ ಬೇರೆ. ಮುಂಬಯಿ ಕರ್ನಾಟಕಕ್ಕೆ (ಈಗಿನ ಕಿತ್ತೂರು ಕರ್ನಾಟಕ) ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ 11, 15, 18, 20ನೇ ಸಂಪುಟಗಳು, ಬಳ್ಳಾರಿಗೆ 9. ಬಳ್ಳಾರಿ, ಕೊಪ್ಪಳ, ರಾಯಚೂರಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಇವೆ.

ಒಳದಾರಿಯೊಂದಿದೆ: ಪಿಎಚ್.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ನಿಮ್ಮ ತಾಲ್ಲೂಕಿನ ಮೇಲಿನ ಪ್ರಬಂಧ ಸಿಕ್ಕರೆ ಅದರ ಅಡಿಟಿಪ್ಪಣಿಗಳನ್ನು ಗುರುತು ಹಾಕಿಕೊಳ್ಳಿ. ಅವನ್ನೂ ಮೂಲದಲ್ಲಿ ನೋಡಿಯೇ ಬಳಸಬೇಕು.

ಗ್ರಂಥಾಲಯದಲ್ಲಿ ಈ ಸಂಪುಟಗಳು ಪರಾಮರ್ಶನ ವಿಭಾಗದಲ್ಲಿರುತ್ತವೆ, ಮನೆಗೆ ಕೊಡುವುದಿಲ್ಲ. ಅನುಮತಿ ಕೇಳಿ ಶಾಸನದ ಪುಟದ ಜೊತೆ ಮುಖಪುಟ, ಅದರ ಹಿಂಬದಿ ಎರಡರದೂ ಫೋಟೊ ತೆಗೆದುಕೊಳ್ಳಿ. ಆವೃತ್ತಿ, ವರ್ಷ ಇರುವುದು ಅಲ್ಲೇ.